ಇಂದಿನ ಧಮ್ಮ ಚಿಂತನೆ: ಸೂಜಿ, ನೀರು ಮತ್ತು ಮೈತ್ರಿ

 



ನಮ್ಮ ಮನೆಯ ಬೆಕ್ಕು ಪುಟ್ಟಿಗೆ ಈಗ 15 ವರ್ಷ. ಕಿಡ್ನಿ ಸೋತಿವೆ. ಎಷ್ಟು ನೀರು ಕುಡಿದರೂ ಉಚ್ಚೆಯಲ್ಲಿ ಹೋಗಿ ಮೈ ಒಣಗುತ್ತದೆ. ಪಶುವೈದ್ಯರು ಹೇಳಿಕೊಟ್ಟಂತೆ ದಿನ ಬಿಟ್ಟು ದಿನ ಮನೆಯಲ್ಲೇ ಡ್ರಿಪ್ ಕೊಡುತ್ತೇನೆ. ರಿಂಗರ್ ಲ್ಯಾಕ್ಟೇಟ್ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಗೋಡೆಯ ಮೊಳೆಗೆ ನೇತುಹಾಕಿ, ಹೆಗಲ ನಡುವಿನ ಸಡಿಲ ಚರ್ಮ ಎತ್ತಿ ಹಿಡಿದು ಸೂಜಿ ಚುಚ್ಚಬೇಕು. 100 ಎಂ.ಎಲ್. ಇಳಿಯುವಷ್ಟರಲ್ಲಿ ಚರ್ಮದಡಿ ಗೂನಿನಂತೆ ಉಬ್ಬುತ್ತದೆ. ಕೆಲವು ಗಂಟೆಗಳಲ್ಲಿ ಮೈ ಅದನ್ನು ಹೀರಿಕೊಳ್ಳುತ್ತದೆ. ಇದರಿಂದ ಕಿಡ್ನಿ ವಾಸಿಯಾಗುವುದಿಲ್ಲ. ವಾಕರಿಕೆ ಕಡಿಮೆಯಾಗಿ ನಾಲ್ಕು ತುತ್ತು ತಿನ್ನುತ್ತಾಳೆ, ಅಷ್ಟೆ.

ಮೊಳೆಗೆ ಬಾಟಲಿ ಏರಿದ್ದು ಕಂಡರೆ ಪುಟ್ಟಿ ಮಂಚದಡಿ ಸೇರುತ್ತಾಳೆ. ಎಳೆದು ತರುವಾಗ ಮನಸ್ಸು ಕೇಳುತ್ತದೆ: ಬೆಳಗ್ಗೆ ಮೊದಲನೆಯ ಶೀಲ ಹೇಳಿದವನು ಈಗ ಮಾಡುತ್ತಿರುವುದೇನು?

ಅಹಿಂಸೆಯನ್ನು ಕಟ್ಟಳೆಯಾಗಿ ಅಲ್ಲ, ತತ್ವವಾಗಿ ತಿಳಿಯಬೇಕು ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಿವರಿಸುತ್ತಾರೆ. ಕಟ್ಟಳೆ ನಮ್ಮನ್ನು ಕಟ್ಟಿಹಾಕುತ್ತದೆ. ತತ್ವ ಯೋಚಿಸುವ ಹೊಣೆಯನ್ನು ನಮಗೇ ಬಿಡುತ್ತದೆ. ಹಾಗಾಗಿ ಚುಚ್ಚಿದ್ದು ತಪ್ಪೇ ಎಂದಷ್ಟೇ ಕೇಳಿದರೆ ಸಾಲದು, ಯಾರ ಒಳಿತಿಗೆ ಎಂದೂ ಕೇಳಿಕೊಳ್ಳಬೇಕು.

ಕಳೆದ ಭಾನುವಾರ ವಂದನೆಯ ನಂತರ ಹಿರಿಯರೊಬ್ಬರು ಇನ್ನೂ ಗಟ್ಟಿ ಪ್ರಶ್ನೆ ಕೇಳಿದರು. "ತಮ್ಮಾ, ಮಹಾಡದ ಚವದಾರ ಕೆರೆಯಲ್ಲಿ ದನ-ನಾಯಿ ಕುಡೀಬಹುದಿತ್ತು, ನಮ್ಮವರು ಮುಟ್ಟೋ ಹಾಗಿರಲಿಲ್ಲ. ಇವತ್ತೂ ನಮ್ಮ ಎಷ್ಟೋ ಜನಕ್ಕೆ ಡಯಾಲಿಸಿಸ್‌ಗೆ ದುಡ್ಡಿಲ್ಲ. ನೀನು ಬೆಕ್ಕಿಗೆ ನೀರು ಏರಿಸ್ತಾ ಕೂತಿದ್ದೀಯಲ್ಲ?"

ರಾತ್ರಿಯಿಡೀ ಯೋಚಿಸಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ಕೆರೆಗಿಳಿದು ನೀರು ಕುಡಿದದ್ದು ನಾಯಿಗಳನ್ನು ಓಡಿಸಲಿಕ್ಕಲ್ಲ. ಪ್ರಾಣಿ ಕುಡಿದದ್ದು ಅನ್ಯಾಯವಲ್ಲ, ಮನುಷ್ಯನನ್ನು ತಡೆದದ್ದು ಅನ್ಯಾಯ. ಇಷ್ಟು ಹೇಳಿ ನಾನು ಗೆದ್ದೆ ಎಂದುಕೊಳ್ಳಬಹುದಿತ್ತು. ಆದರೆ ಕರುಣೆ ಮನುಷ್ಯರ ಮೇಲಿನದು, ಅಲ್ಲಿಗೇ ನಿಲ್ಲದೆ ಎಲ್ಲ ಜೀವಿಗಳಿಗೂ ಚಾಚುವುದು ಮೈತ್ರಿ ಎಂದೂ ಬಾಬಾಸಾಹೇಬರೇ ತಿಳಿಸಿದ್ದಾರೆ. ನಮ್ಮ ಬೀದಿಯ ಅಣ್ಣನೊಬ್ಬ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಒಬ್ಬನೇ ಬಸ್ಸಿನಲ್ಲಿ ಹೋಗುತ್ತಾನೆ. ಒಮ್ಮೆಯೂ ನಾನು ಜೊತೆಗೆ ಹೋಗಿರಲಿಲ್ಲ. ಕರುಣೆಯನ್ನು ಹಾರಿ ಮೈತ್ರಿಗೆ ಹೊರಟಿದ್ದೆ! ಈ ಮಂಗಳವಾರ ಅವನ ಜೊತೆ ಹೋಗಿಬಂದೆ. ಸಂಜೆ ಪುಟ್ಟಿಗೂ ಡ್ರಿಪ್ ಕೊಟ್ಟೆ. ಎರಡಕ್ಕೂ ಸಮಯವಿತ್ತು.

ಭೇದಿಯಿಂದ ನೆಲದಲ್ಲಿ ಬಿದ್ದಿದ್ದ ಭಿಕ್ಷುವನ್ನು ಭಗವಾನರು ಆನಂದನ ಜೊತೆಗೂಡಿ ತಾವೇ ತೊಳೆದು ಮಲಗಿಸಿದ್ದು ನಮಗೆಲ್ಲ ಗೊತ್ತು. ಅದೇ ಸಂದರ್ಭದಲ್ಲಿ ವಿನಯದಲ್ಲಿ ಆರೈಕೆ ಮಾಡುವವನ ಗುಣಗಳೂ ಬರುತ್ತವೆ. ಮಲ-ಮೂತ್ರಕ್ಕೆ ಹೇಸದಿರುವುದು ಒಂದು. ಯಾವುದು ಹಿತ, ಯಾವುದು ಅಹಿತ ಎಂದು ತಿಳಿಯುವುದು ಇನ್ನೊಂದು. ರೋಗಿಯೂ ತನ್ನ ಬಾಧೆಯನ್ನು ಇದ್ದಂತೆ ಹೇಳಬೇಕು. ಪುಟ್ಟಿಗೆ ಮಾತಿಲ್ಲ. ಅವಳು ಹೇಳಲಾರದ್ದನ್ನು ನಾನು ನೋಡಿ ತಿಳಿಯಬೇಕು: ತಿಂದಳೇ, ಮೈ ನೆಕ್ಕಿಕೊಂಡಳೇ, ಬಿಸಿಲಿಗೆ ಬಂದು ಕೂತಳೇ?

ಈ ಮೂರೂ ನಿಂತ ದಿನ ಸೂಜಿ ಅವಳಿಗಾಗಿ ಇರುವುದಿಲ್ಲ, ಅಗಲಿಕೆಗೆ ಹೆದರುವ ನನಗಾಗಿ ಇರುತ್ತದೆ. ಆ ದಿನ ಬಾಟಲಿ ಕೆಳಗಿಳಿಸಿ, ನೋವಿಲ್ಲದೆ ಬೀಳ್ಕೊಡುವ ಬಗೆಯನ್ನು ವೈದ್ಯರಲ್ಲಿ ಕೇಳುವ ಧೈರ್ಯ ನನಗಿರಲಿ.

ಇಂದು ಯೋಚಿಸೋಣ: ನಾನು ಮಾಡುವ ಆರೈಕೆ ಅವರ ನೆಮ್ಮದಿಗೋ, ನನ್ನ ಭಯಕ್ಕೋ?

ಭವತು ಸಬ್ಬ ಮಂಗಲಂ.