ಸರ್ವಾನುಮತದ ನಷ್ಟ

ಕಳ್ಳತನದಿಂದ ಮುಳುಗಿದ ಕಂಪನಿಯ ಕಥೆ ಹೇಳುವುದು ಸುಲಭ. ಕದ್ದವನನ್ನು ತೋರಿಸಿದರೆ ಕಥೆ ಮುಗಿಯುತ್ತದೆ. ಯಾರೂ ಕದಿಯದೆ, ಎಲ್ಲರೂ ಒಪ್ಪಿ, ಎಲ್ಲರೂ ಸಹಿ ಹಾಕಿ ನಷ್ಟಕ್ಕೆ ತಳ್ಳಿದ ಕಂಪನಿಯ ಕಥೆ ಕಷ್ಟದ್ದು. ರಾಯಚೂರು ಜಿಲ್ಲೆಯ ಅಂಥದ್ದೊಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವವರೆಲ್ಲ ಇಂದಿಗೂ ಅದೇ ಊರುಗಳಲ್ಲಿ ಬಾಳುತ್ತಿದ್ದಾರೆ. ಹೀಗಾಗಿ ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಹತ್ತದಂತೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಅದೊಂದು ರೈತ ಉತ್ಪಾದಕರ ಕಂಪನಿ. 2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಕಂಪನಿಗಳಿಗೆ ದಾರಿ ಮಾಡಿಕೊಡಲಾಯಿತು. ಹತ್ತು ಮಂದಿ ಉತ್ಪಾದಕರು ಕೂಡಿದರೆ ಕಂಪನಿ ಕಟ್ಟಬಹುದು. ಸದಸ್ಯರೆಲ್ಲ ರೈತರೇ ಆಗಿದ್ದರೆ, ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ನಿರ್ದೇಶಕರು ಐವರಿಗಿಂತ ಕಡಿಮೆ ಇರಬಾರದು, ಹದಿನೈದು ಮೀರಬಾರದು. 2020ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ಪ್ರಕಟಿಸಿ, ಒಂದೊಂದಕ್ಕೂ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನೆರವು ಕೊಡುವುದಾಗಿ ಹೇಳಿತು. ಆ ಹುರುಪಿನಲ್ಲಿ ಹುಟ್ಟಿದ ಕಂಪನಿ ಇದು.

ಕಚೇರಿ ರಾಯಚೂರು ನಗರದಲ್ಲಿ, ಗಂಜ್ ಮಾರುಕಟ್ಟೆಗೆ ಹತ್ತಿರದ ಎರಡು ಬಾಡಿಗೆ ಕೋಣೆಗಳಲ್ಲಿ. ಸದಸ್ಯರು ದೇವದುರ್ಗ ಮತ್ತು ಮಾನ್ವಿ ಕಡೆಯವರು. ದೇವದುರ್ಗದವರದು ಹತ್ತಿ, ತೊಗರಿ. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದಲ್ಲಿ ನೀರು, ಉಳಿದ ಕಡೆ ಮುಗಿಲೇ ಗತಿ. ಮಾನ್ವಿಯವರದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಕೊನೆಭಾಗಕ್ಕೆ ನೀರು ಬಂತೇ ಇಲ್ಲವೇ ಎಂಬುದೇ ಅವರ ಪ್ರತಿ ವರ್ಷದ ಚಿಂತೆ. ಮಂಡಳಿಯಲ್ಲಿ ಹತ್ತು ಮಂದಿ: ಆ ಕಡೆ ಐವರು, ಈ ಕಡೆ ಐವರು.

ಅಧ್ಯಕ್ಷರು ದೇವದುರ್ಗ ಕಡೆಯ ಹಿರಿಯರು. ಬರ ಬಿದ್ದ ವರ್ಷ ಅಕ್ಕಪಕ್ಕದವರಿಗೆ ತಮ್ಮ ಮನೆಯ ಬೀಜ ಹಂಚಿದವರು. ಊರ ಜಗಳ ಠಾಣೆಗೆ ಹೋಗದಂತೆ ಕಟ್ಟೆಯ ಮೇಲೇ ಬಗೆಹರಿಸಿದವರು. ಅವರ ಮಾತನ್ನು ನಂಬಿಯೇ ನೂರಾರು ಜನ ಷೇರಿನ ಹಣ ಕೊಟ್ಟಿದ್ದರು. ಮುಖ್ಯ ಕಾರ್ಯನಿರ್ವಾಹಕ ಮೂವತ್ತು ತುಂಬದ ಕೃಷಿ ಪದವೀಧರ. ನಿರ್ದೇಶಕರಲ್ಲಿ ಒಬ್ಬರು ಮಹಿಳೆ. ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸ್ವಸಹಾಯ ಸಂಘದ ಲೆಕ್ಕವನ್ನು ವರ್ಷಗಟ್ಟಲೆ ಬರೆದವರು.

ಮಂಡಳಿಯಲ್ಲಿ ಬರೆಯದೇ ಇದ್ದ ಒಪ್ಪಂದವೊಂದು ಬಹುಬೇಗ ಬೆಳೆಯಿತು. ಹತ್ತಿಯ ವಿಷಯ ಬಂದಾಗ ಮಾನ್ವಿಯವರು ಸುಮ್ಮನಿರುತ್ತಿದ್ದರು. ಭತ್ತದ ಬೀಜ, ಗೊಬ್ಬರದ ವಿಷಯ ಬಂದಾಗ ದೇವದುರ್ಗದವರು ಸುಮ್ಮನಿರುತ್ತಿದ್ದರು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಕಾಲಿಡಬಾರದೆಂಬ ಸೌಜನ್ಯ ಅದು. ಹೊರಗಿನಿಂದ ನೋಡುವವರಿಗೆ ಒಗ್ಗಟ್ಟಿನಂತೆಯೇ ಕಾಣುತ್ತಿತ್ತು.

2022ರ ಆರಂಭದ ತಿಂಗಳುಗಳಲ್ಲಿ ಹತ್ತಿಯ ಧಾರಣೆ ಕ್ವಿಂಟಲಿಗೆ ಹತ್ತು ಸಾವಿರ ದಾಟಿತ್ತು. ಅದಕ್ಕೂ ಮೊದಲೇ ಮಾರಿದವರು ಕೈ ಕೈ ಹಿಸುಕಿಕೊಂಡರು. ಮುಂದಿನ ಹಂಗಾಮು ಬಂದಾಗ ಎಲ್ಲರ ಬಾಯಲ್ಲೂ ಅದೇ ಹತ್ತು ಸಾವಿರದ ಮಾತು. ಉದ್ದ ಎಳೆಯ ಹತ್ತಿಗೆ ಆ ವರ್ಷ ಸರ್ಕಾರದ ಬೆಂಬಲ ಬೆಲೆ 6,380 ರೂಪಾಯಿ. ಪೇಟೆಯಲ್ಲಿ ಅದಕ್ಕಿಂತ ಸಾಕಷ್ಟು ಮೇಲೇ ಇತ್ತು. ಕಂಪನಿ ಸಾಲ ತಂದು ಸದಸ್ಯರ ಹತ್ತಿಯನ್ನು ಪೇಟೆ ಧಾರಣೆಗೇ ಕೊಂಡಿತು. ಆಗಲೇ ಮಾರಿದ್ದರೆ ಸಣ್ಣ ಲಾಭ ಕೈಗೆ ಹತ್ತುತ್ತಿತ್ತು. ಅಧ್ಯಕ್ಷರು ಫೋನಿನಲ್ಲಿ ಹೇಳಿದರು: “ಹತ್ತು ಸಾವಿರ ಆಗೋತನಕ ಒಂದು ಅಂಡಿಗಿನೂ ಹೊರಗ ಹೋಗಬಾರದು.” ಕಾರ್ಯನಿರ್ವಾಹಕನಿಗೆ ಅನುಮಾನವಿತ್ತು. ಆದರೆ ತನಗೆ ಕೆಲಸ ಕೊಡಿಸಿದ ಹಿರಿಯರಿಗೆ ಎದುರಾಡಲು ಬಾಯಿ ಬರಲಿಲ್ಲ.

ಹತ್ತಿ ಇಳಿದದ್ದು ನಿರ್ದೇಶಕರೊಬ್ಬರ ಸ್ವಂತ ಅಣ್ಣನ ಗೋದಾಮಿನಲ್ಲಿ. ಬಾಡಿಗೆ ಅನ್ಯಾಯದ್ದೇನೂ ಆಗಿರಲಿಲ್ಲ, ಸಂಬಂಧ ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲರಿಗೂ ಗೊತ್ತಿದೆ ಎಂಬ ಕಾರಣಕ್ಕೇ ಅದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ, ಯಾರೂ ಬರೆಯಲಿಲ್ಲ.

ಹತ್ತಿ ಮಾರದೆ ಕಾಯುವ ತೀರ್ಮಾನ ಜನವರಿಯ ಸಭೆಯಲ್ಲಿ ಮಂಡಳಿಯ ಮುಂದೆ ಬಂತು. ಕಾರ್ಯಸೂಚಿಯಲ್ಲಿ ಅದಕ್ಕೆ ಸ್ವಂತ ಸಾಲಿರಲಿಲ್ಲ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿನಲ್ಲಿ ಅಡಗಿತ್ತು. ಮಂಡಾಳು ಒಗ್ಗರಣಿ, ಮಿರ್ಚಿ ಬಂದಾಗಿತ್ತು. ಇಬ್ಬರು ಬಸ್ಸಿನ ವೇಳೆ ನೋಡುತ್ತಿದ್ದರು. ಆಗ ಆ ಮಹಿಳೆ ಎರಡು ಪ್ರಶ್ನೆ ಕೇಳಿದರು: “ಬಡ್ಡಿ ಎಷ್ಟು ತಿಂಗಳು ಕಟ್ಟೋದು? ರೇಟು ಎಷ್ಟಕ್ಕ ಇಳಿದರ ಮಾರೋದು?” ಉತ್ತರ ಬಂದದ್ದು ಅವರ ತಾಲ್ಲೂಕಿನವರಿಂದಲೇ: “ಅಕ್ಕ, ಹತ್ತಿ ನಮ್ಮ ಬೆಳಿ ಅಲ್ಲ. ಹಿರಿಯರು ಅದಾರಲ್ಲ, ನೋಡ್ಕೋತಾರ.” ಅಧ್ಯಕ್ಷರು ನಕ್ಕು, “ನಾ ಅದೀನಿ ತಂಗಿ, ಚಿಂತಿ ಬ್ಯಾಡ” ಎಂದರು. ನಡಾವಳಿ ಪುಸ್ತಕದಲ್ಲಿ ಅವರ ಪ್ರಶ್ನೆಗಳಿಲ್ಲ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿದೆ. ಕೆಳಗೆ ಹತ್ತು ಸಹಿಗಳಿವೆ, ಅವರದೂ ಸೇರಿ.

ಧಾರಣೆ ಏರಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಏಳು ಸಾವಿರದ ಆಸುಪಾಸಿಗೆ ಇಳಿಯಿತು. ರಾಯಚೂರಿನ ಬಿಸಿಲಿಗೆ ಹತ್ತಿಯ ತೇವ ಆರಿ ತೂಕ ಕಡಿಮೆಯಾಯಿತು. ಗೋಡೆಗೆ ಒತ್ತಿದ ಅಂಡಿಗೆಗಳ ಬಣ್ಣ ಮಾಸಿತು. ಬಡ್ಡಿ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಏಪ್ರಿಲಿನಲ್ಲಿ ಕಾರ್ಯನಿರ್ವಾಹಕ ಧೈರ್ಯ ಮಾಡಿ ಒಂದು ಪುಟದ ಟಿಪ್ಪಣಿ ಬರೆದ: ಈಗಲೇ ಮಾರಿದರೆ ನಷ್ಟ ಇಷ್ಟು, ತಡಮಾಡಿದರೆ ಇಷ್ಟು. ಅಧ್ಯಕ್ಷರು ಓದಿ ಮಡಚಿ ಜೇಬಿನಲ್ಲಿಟ್ಟರು. ಆ ತ್ರೈಮಾಸಿಕದ ಸಭೆ ನಡೆಯಲೇ ಇಲ್ಲ. ಪುಸ್ತಕದಲ್ಲಿ ಮಾತ್ರ ನಡೆಯಿತು. ಕಚೇರಿಯ ಹುಡುಗ ಬೈಕಿನಲ್ಲಿ ಪುಸ್ತಕ ಹೊತ್ತು ದೇವದುರ್ಗದ ಕಡೆಗೂ ಮಾನ್ವಿಯ ಕಡೆಗೂ ಹೋಗಿ, ಮನೆಬಾಗಿಲಲ್ಲಿ ನಿಂತು ಸಹಿ ತಂದ.

ಜುಲೈನಲ್ಲಿ ಹತ್ತಿ ಮಾರಿದಾಗ ಷೇರು ಬಂಡವಾಳದ ಬಹುಭಾಗ ಕರಗಿತ್ತು. 2023, ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ ವರ್ಷ. ಬೀಜ, ಗೊಬ್ಬರ ಉದ್ರಿ ಕೊಡಲಿ ಎಂದೇ ಕಟ್ಟಿಕೊಂಡ ಕಂಪನಿ, ಉದ್ರಿ ಅತಿ ಹೆಚ್ಚು ಬೇಕಾದ ವರ್ಷವೇ ಕೈ ಚೆಲ್ಲಿತು. ಸದಸ್ಯರು ಮತ್ತೆ ಹಳೆಯ ಅಡತಿ ಅಂಗಡಿಗಳ ಮೆಟ್ಟಿಲು ಹತ್ತಿದರು.

ವಾರ್ಷಿಕ ಸಭೆಯಲ್ಲಿ ನಿರ್ದೇಶಕರು ಒಬ್ಬೊಬ್ಬರಾಗಿ ಎದ್ದು “ನಮಗ ಗೊತ್ತೇ ಇರಲಿಲ್ಲ” ಎಂದರು. ಸದಸ್ಯನೊಬ್ಬ ನಡಾವಳಿ ಪುಸ್ತಕ ತರಿಸಿ ಗಟ್ಟಿಯಾಗಿ ಓದಿದ. ಆಗ ಆ ಮಹಿಳೆ ಎದ್ದು ನಿಂತರು. “ಈ ತಾರೀಖಿನಾಗ ಸಭಾನೇ ಆಗಿಲ್ಲ. ಹುಡುಗ ಬಿಸಿಲಾಗ ನಿಂತಿದ್ದ, ಪಾಪ ಅಂತ ಸಹಿ ಮಾಡಿದೆ. ಸಹಿ ನಂದು, ತಪ್ಪೂ ನಂದು.” ಅಂದು ಹತ್ತು ಮಂದಿಯಲ್ಲಿ ತನ್ನ ಪಾಲಿನ ಹೊಣೆಯನ್ನು ಒಪ್ಪಿಕೊಂಡವರು ಅವರೊಬ್ಬರೇ. ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಅವರ ಮನೆಗೆ ಒಂದು ರೂಪಾಯಿಯೂ ಹೋಗಿರಲಿಲ್ಲವೆಂಬುದನ್ನು ಲೆಕ್ಕ ಪರಿಶೋಧನೆ ತೋರಿಸಿತು.

ಇನ್ನು ತೂಗಿ ನೋಡೋಣ. ಅಧ್ಯಕ್ಷರ ಉದ್ದೇಶ ಶುದ್ಧವಾಗಿತ್ತು. ಧಾರಣೆಯ ಅಂದಾಜು ತಪ್ಪಿದ್ದಕ್ಕೆ ಅವರನ್ನು ದೂರಲಾರೆ. ಆ ವರ್ಷ ಸಾವಿರಾರು ರೈತರು ಮನೆಯಲ್ಲಿ ಹತ್ತಿ ಇಟ್ಟುಕೊಂಡು ಹಾಗೆಯೇ ಕಾದರು. ಆದರೆ ಅವರು ಕಾದದ್ದು ಸ್ವಂತ ಹತ್ತಿಯ ಮೇಲೆ. ಇವರು ಕಾದದ್ದು ನೂರಾರು ಜನರ ಹಣದ ಮೇಲೆ, ಸಾಲದ ಮೇಲೆ. ಏಪ್ರಿಲಿನ ಟಿಪ್ಪಣಿಯನ್ನು ಜೇಬಿಗಿಳಿಸಿದ ಕ್ಷಣದಲ್ಲಿ ಅಂದಾಜಿನ ತಪ್ಪು ಕರ್ತವ್ಯದ ತಪ್ಪಾಯಿತು. ಕಾರ್ಯನಿರ್ವಾಹಕನ ಅಂಜಿಕೆ ಅರ್ಥವಾಗುತ್ತದೆ; ಆದರೂ ಟಿಪ್ಪಣಿಯನ್ನು ಅಧ್ಯಕ್ಷರೊಬ್ಬರಿಗೆ ಕೊಟ್ಟು ಸುಮ್ಮನಾದದ್ದು ಸರಿಯಲ್ಲ. ಅವನ ಉತ್ತರದಾಯಿತ್ವ ಇಡೀ ಮಂಡಳಿಗೆ. ಕೇಳಿದ ಮಹಿಳೆಯ ಬಗ್ಗೆ ನನಗೆ ಗೌರವವಿದೆ. ಕೇಳಿದ್ದನ್ನು ಬರೆಸದೆ ಬಿಟ್ಟದ್ದು ಅವರ ಲೋಪ. ಉಳಿದವರದೇ ದೊಡ್ಡ ತಪ್ಪು. ಅವರು ಏನೂ ಮಾಡಲಿಲ್ಲ, ಹಾಗಾಗಿ ತಪ್ಪೂ ಮಾಡಲಿಲ್ಲವೆಂದು ನಂಬಿದ್ದರು.

ಕಾನೂನು ಹಾಗೆ ನಂಬುವುದಿಲ್ಲ. ಉತ್ಪಾದಕರ ಕಂಪನಿಯ ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ, ವರ್ಷಕ್ಕೆ ನಾಲ್ಕು ಬಾರಿಯಾದರೂ ಸೇರಬೇಕು. ಏಳು ದಿನ ಮೊದಲೇ ನೋಟಿಸು ಹೋಗಬೇಕು. 2013ರ ಕಂಪನಿ ಕಾಯ್ದೆಯ 166ನೇ ಕಲಮು ಪ್ರತಿ ನಿರ್ದೇಶಕನೂ ಎಚ್ಚರಿಕೆಯಿಂದ, ಶ್ರದ್ಧೆಯಿಂದ, ಸ್ವಂತ ವಿವೇಚನೆಯಿಂದ ನಡೆಯಬೇಕೆನ್ನುತ್ತದೆ. ಕಾನೂನು ಮೀರಿದ ಗೊತ್ತುವಳಿಗೆ ಮತ ಕೊಟ್ಟ ನಿರ್ದೇಶಕರು ಕಂಪನಿಯ ನಷ್ಟಕ್ಕೆ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಹೊಣೆ. ‘ಹಿರಿಯರು ಹೇಳಿದರು’ ಎಂಬ ವಿನಾಯಿತಿ ಅಲ್ಲಿ ಇಲ್ಲ.

ಇದು ಹಳ್ಳಿಯವರ ತಿಳಿವಳಿಕೆಯ ಕೊರತೆ ಎಂದುಕೊಳ್ಳುವವರು 2008ರ ಡಿಸೆಂಬರ್ 16ನ್ನು ನೆನೆಯಲಿ. ರಾಯಚೂರಿನಿಂದ ರಾತ್ರಿಯ ರೈಲಿಗೆ ಕೂತರೆ ಬೆಳಗಾಗುವುದರೊಳಗೆ ತಲುಪುವ ಹೈದರಾಬಾದಿನಲ್ಲಿ, ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ಮಂಡಳಿ ಅಂದು ಸೇರಿತ್ತು. ಅಧ್ಯಕ್ಷರ ಕುಟುಂಬದವರದೇ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾವ ಮುಂದಿತ್ತು. ಮಂಡಳಿಯಲ್ಲಿ ಹೆಸರಾಂತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿದ್ದರು, ದೇಶದ ಆಡಳಿತದ ಅತ್ಯುನ್ನತ ಹುದ್ದೆಯಿಂದ ನಿವೃತ್ತರಾದವರಿದ್ದರು. ಅದೂ ಸರ್ವಾನುಮತದಿಂದಲೇ ಅಂಗೀಕಾರವಾಯಿತು. ಹೂಡಿಕೆದಾರರು ಸಿಡಿದೆದ್ದ ಮೇಲೆ ಗಂಟೆಗಳೊಳಗೆ ಹಿಂತೆಗೆದುಕೊಂಡರು. 2009ರ ಜನವರಿ 7ರಂದು ವರ್ಷಗಳ ಸುಳ್ಳು ಲೆಕ್ಕ ಅಧ್ಯಕ್ಷರ ಪತ್ರದಿಂದಲೇ ಹೊರಬಿತ್ತು. ಅಲ್ಲಿ ವಂಚನೆಯಿತ್ತು, ನಮ್ಮ ಪ್ರಕರಣದಲ್ಲಿ ಅದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಆದರೆ ಮೇಜಿನ ಸುತ್ತ ಕೂತವರ ದಾಕ್ಷಿಣ್ಯ ಎರಡೂ ಕಡೆ ಒಂದೇ.

ನಮ್ಮೆಲ್ಲರ ದೋಷ ಇರುವುದು ಇಲ್ಲಿಯೇ. ಪ್ರಶ್ನೆ ಕೇಳುವುದನ್ನು ನಾವು ಅಗೌರವವೆಂದು ತಿಳಿದಿದ್ದೇವೆ. ಶಾಲೆಯ ಸಮಿತಿಯಲ್ಲಿ, ದೇವಸ್ಥಾನದ ಟ್ರಸ್ಟಿನಲ್ಲಿ, ಪತ್ತಿನ ಸಂಘದಲ್ಲಿ ಲೆಕ್ಕ ಕೇಳಿದವನನ್ನು “ನಂಬಿಕೆ ಇಲ್ಲೇನು?” ಎಂದು ಬಾಯಿ ಮುಚ್ಚಿಸುತ್ತೇವೆ. ನಂಬಿಕೆಗೂ ಪರೀಕ್ಷೆಗೂ ವಿರೋಧವಿಲ್ಲ. ಜನವರಿಯಲ್ಲಿ ಯಾರಾದರೂ ಪಟ್ಟು ಹಿಡಿದು ಆ ಎರಡು ಪ್ರಶ್ನೆಗಳಿಗೆ ಉತ್ತರ ಪಡೆದಿದ್ದರೆ, ಆ ಹಿರಿಯರು ಕಳೆದುಕೊಂಡ ಮರ್ಯಾದೆ ಅವರಲ್ಲೇ ಉಳಿಯುತ್ತಿತ್ತು. ಅವರನ್ನು ಪ್ರೀತಿಸಿದವರು ಅವರಿಗೆ ಆ ಉಪಕಾರ ಮಾಡಲಿಲ್ಲ. ಇನ್ನೊಂದು ದೋಷ, ನಮ್ಮನ್ನು ಆರಿಸಿ ಕಳಿಸಿದ ಊರಿಗೆ, ಬೆಳೆಗೆ, ಬಣಕ್ಕೆ ಮಾತ್ರ ನಾವು ಸೇರಿದವರು ಎಂಬ ಭಾವನೆ. ಆರಿಸಿ ಬರುವುದು ತಾಲ್ಲೂಕಿನಿಂದಲೇ ಇರಬಹುದು. ಕುರ್ಚಿಯಲ್ಲಿ ಕೂತ ಮೇಲೆ ಹತ್ತಿಯೂ ಭತ್ತವೂ ಎಲ್ಲರದು.

ಪರಿಹಾರಗಳು ದೊಡ್ಡವಲ್ಲ. ಹಣದ ವಿಷಯ ಯಾವುದೂ ‘ಇತರ ವಿಷಯ’ವಾಗಿ ಬರಬಾರದು, ಕಾಗದಪತ್ರ ನೋಟಿಸಿನೊಡನೆಯೇ, ಕನ್ನಡದಲ್ಲಿ, ಬರಬೇಕು. ಕೈಯಲ್ಲಿರುವ ನಗದು, ಗೋದಾಮಿನ ದಾಸ್ತಾನು, ಸಾಲ ಮತ್ತು ಬಡ್ಡಿ ಇಷ್ಟನ್ನು ಒಂದೇ ಹಾಳೆಯಲ್ಲಿ ಕಾರ್ಯನಿರ್ವಾಹಕ ತಿಂಗಳಿಗೊಮ್ಮೆ ಎಲ್ಲ ನಿರ್ದೇಶಕರಿಗೂ ಕಳಿಸಬೇಕು. ದಾಸ್ತಾನು ಇಡುವ ಮೊದಲೇ ಯಾವ ಧಾರಣೆಗೆ, ಯಾವ ತಾರೀಖಿಗೆ ಮಾರಬೇಕೆಂದು ಬರೆದಿಡಬೇಕು. ಬಂಧುವಿನ ವ್ಯವಹಾರ ಬಂದಾಗ ಆ ನಿರ್ದೇಶಕ ಸಂಬಂಧವನ್ನು ಬಾಯಿಬಿಟ್ಟು ಹೇಳಿ, ಚರ್ಚೆ ಮುಗಿಯುವವರೆಗೆ ಹೊರಗೆ ಕೂಡಬೇಕು. ಅಸಮ್ಮತಿಯನ್ನು ಹೇಳಿದವರ ಹೆಸರಿನೊಡನೆ ನಡಾವಳಿಯಲ್ಲಿ ಬರೆಯಬೇಕು. ನಡೆಯದ ಸಭೆಗೆ ಯಾರೂ, ಯಾವ ಕಾರಣಕ್ಕೂ, ಸಹಿ ಹಾಕಬಾರದು.

ನೀವು ಯಾವುದಾದರೂ ಮಂಡಳಿಯ ಸದಸ್ಯರಾಗಿದ್ದರೆ, ಅದು ಎಷ್ಟೇ ಚಿಕ್ಕದಿರಲಿ, ಮುಂದಿನ ಸಭೆಗೆ ಹೋಗುವ ಮುನ್ನ ಹಿಂದಿನ ಸಭೆಯ ನಡಾವಳಿಯನ್ನು ತರಿಸಿ ಓದಿ. ಅದರಲ್ಲಿ ನೀವು ಆಡದ ಮಾತಿದ್ದರೆ ತಿದ್ದಿಸಿ, ಆಡಿದ ಮಾತು ಬಿಟ್ಟುಹೋಗಿದ್ದರೆ ಬರೆಸಿ. ಅಷ್ಟೂ ಮಾಡಲು ಮನಸ್ಸಿಲ್ಲವೆಂದಾದರೆ ಆ ಕುರ್ಚಿಯನ್ನು ಬೇರೆಯವರಿಗೆ ಬಿಟ್ಟುಕೊಡಿ.