ಔಷಧವೂ ಅಪ್ರಮಾದವೂ

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನವನ್ನು ನಾಲ್ಕು ವಿಧವಾಗಿ ಹೇಳಿದ ಹಿರಿಯರು ಔಷಧವನ್ನೂ ಶಾಸ್ತ್ರವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಔಷಧವು ದೇಹದ ವ್ಯಾಧಿಯನ್ನು ಕಳೆಯುತ್ತದೆ, ಶಾಸ್ತ್ರವು ಅಜ್ಞಾನವನ್ನು ಕಳೆಯುತ್ತದೆ. ಅರಿವಿಲ್ಲದೆ ಕೊಟ್ಟ ಔಷಧ ಅರ್ಧ ದಾನವೇ ಸರಿ. ಸೇವಿಸುವವನು ತನ್ನ ಹಿತಾಹಿತಗಳನ್ನು ತಾನೇ ನಿರ್ಣಯಿಸಲಾರದ ಬಾಲಕನಾಗಿದ್ದು, ಆ ಔಷಧವನ್ನು ವರ್ಷಗಟ್ಟಲೆ ಕೊಡಬೇಕಾಗಿ ಬಂದಾಗ ಈ ಮಾತಿಗೆ ಇನ್ನೂ ಹೆಚ್ಚಿನ ತೂಕ ಬರುತ್ತದೆ.

ಅಂಥದೊಂದು ಪ್ರಸಂಗ ಈಗ ಅನೇಕ ಮನೆಗಳಲ್ಲಿ ಉಂಟಾಗಿದೆ. ಒಂದೆಡೆ ಕುಳಿತಿರಲಾರದ, ಹೇಳಿದ್ದನ್ನು ಮರುಗಳಿಗೆಗೆ ಮರೆಯುವ, ಹಿಡಿದ ಕೆಲಸವನ್ನು ಮುಗಿಸಲಾರದ ಕೆಲವು ಮಕ್ಕಳಿಗೆ ವೈದ್ಯರು ಅವಧಾನ ಕೊರತೆಯ ತೊಂದರೆ, ಅಂದರೆ ಎ.ಡಿ.ಎಚ್.ಡಿ., ಎಂದು ಹೆಸರಿಟ್ಟು ಔಷಧ ಬರೆಯುತ್ತಾರೆ. ಅವುಗಳಲ್ಲಿ ಮುಖ್ಯವಾದುದು ಮೀಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪ್ಯಾನಿಝೋನ್ ಇದನ್ನು ಮೊದಲು ತಯಾರಿಸಿದನು. ಉತ್ತೇಜಕ ಔಷಧವು ಚಂಚಲ ಮಕ್ಕಳನ್ನು ಶಾಂತಗೊಳಿಸಬಲ್ಲದೆಂಬುದನ್ನು ಅದಕ್ಕೂ ಮೊದಲೇ, 1937ರಲ್ಲಿ, ಅಮೆರಿಕದ ವೈದ್ಯ ಚಾರ್ಲ್ಸ್ ಬ್ರ್ಯಾಡ್ಲಿ ಬೇರೊಂದು ಔಷಧದ ವಿಷಯದಲ್ಲಿ ಪ್ರಕಟಪಡಿಸಿದ್ದನು.

ತಾಯಿತಂದೆಗಳ ಭಯ ಇರುವುದು ಮುಂದಿನ ದಿನಗಳ ಬಗ್ಗೆ. ಬೆಳೆಯುವ ದೇಹದ ಹಾರ್ಮೋನುಗಳನ್ನು ಈ ಮಾತ್ರೆ ಕೆಡಿಸೀತೇ? ಮಗುವಿನ ಎತ್ತರ ನಿಂತೀತೇ? ಯೌವನ ತಡವಾಗಿ ಬಂದೀತೇ? ಈ ಶಂಕೆ ನಿರಾಧಾರವಲ್ಲ. ಮೀಥೈಲ್‌ಫೆನಿಡೇಟ್ ಮಿದುಳಿನಲ್ಲಿ ಡೋಪಮೀನ್ ಮತ್ತು ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳ ಪ್ರಭಾವವನ್ನು ಹೆಚ್ಚಿಸುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಹಾರ್ಮೋನು ಸ್ರವಿಸುವುದನ್ನು ಅಂಕೆಯಲ್ಲಿಡುವುದೂ ಅದೇ ಡೋಪಮೀನ್. ಬೆಳವಣಿಗೆಯ ಹಾರ್ಮೋನು ಬಹುಪಾಲು ರಾತ್ರಿಯ ಗಾಢನಿದ್ರೆಯಲ್ಲಿ ಸ್ರವಿಸುತ್ತದೆ; ಈ ಔಷಧವೋ ಕೆಲವರಲ್ಲಿ ನಿದ್ರೆಯನ್ನೂ ಹಲವರಲ್ಲಿ ಹಸಿವನ್ನೂ ಕುಗ್ಗಿಸುತ್ತದೆ.

ಪರೀಕ್ಷೆಗಳು ಹೇಳುವುದನ್ನು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಹೇಳಬೇಕು. ಅಮೆರಿಕ ಮತ್ತು ಕೆನಡಾಗಳಲ್ಲಿ 579 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಮೊದಲ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಹದಿನಾಲ್ಕು ತಿಂಗಳ ಕೊನೆಗೆ, ಎಚ್ಚರಿಕೆಯಿಂದ ಔಷಧ ಕೊಟ್ಟ ಮಕ್ಕಳಲ್ಲಿ ಚಾಂಚಲ್ಯ ಹೆಚ್ಚು ತಗ್ಗಿತ್ತು. ಅದೇ ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ನಡೆಸಿದ ಪರಿಶೀಲನೆ 2017ರಲ್ಲಿ ಹೊರಬಂದಿತು. ದೀರ್ಘಕಾಲ ಔಷಧ ಸೇವಿಸಿದವರ ಎತ್ತರ, ಅಷ್ಟಾಗಿ ಸೇವಿಸದವರಿಗಿಂತ, ಸರಾಸರಿಯಲ್ಲಿ ಕೆಲವು ಸೆಂಟಿಮೀಟರ್ ಕಡಿಮೆ ಇತ್ತು. ಇದಕ್ಕೆ ಹಾರ್ಮೋನಿನ ಏರುಪೇರೇ ಕಾರಣವೆಂದು ಸಿದ್ಧವಾಗಿಲ್ಲ. ಹಸಿವು ಕುಗ್ಗಿ ಆಹಾರ ಕಡಿಮೆಯಾಗುವುದೂ ಕಾರಣವೆಂದು ಹೇಳುತ್ತಾರೆ. ಯೌವನಾರಂಭದ ವಿಷಯದಲ್ಲಿ ಸಂಶೋಧಕರಲ್ಲಿ ಇನ್ನೂ ಒಮ್ಮತವಿಲ್ಲ.

ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಡೆನ್ಮಾರ್ಕಿನ ಜನಸಂಖ್ಯಾ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವು, ಈ ತೊಂದರೆಯುಳ್ಳವರಲ್ಲಿ ಅಕಾಲ ಮರಣ ಹೆಚ್ಚೆಂದೂ ಅದಕ್ಕೆ ಮುಖ್ಯ ಕಾರಣ ಅಪಘಾತಗಳೆಂದೂ ತೋರಿಸಿತು. ಶಾಲೆ ಬಿಡುವುದು, ದುಶ್ಚಟಗಳಿಗೆ ಬೀಳುವುದು, ಎಲ್ಲರಿಂದ ಬೈಸಿಕೊಂಡು ತನ್ನನ್ನೇ ಹೀನನೆಂದು ಬಗೆಯುವುದು ಇವೂ ಹಾನಿಗಳೇ. ಔಷಧ ಕೊಟ್ಟರೆ ಮಾತ್ರ ಹಿಂಸೆ, ಕೊಡದಿದ್ದರೆ ಅಹಿಂಸೆ ಎಂಬುದು ಏಕಾಂತವಾದ. ಕೈಕಟ್ಟಿ ಕುಳಿತವನೂ ಫಲಕ್ಕೆ ಬಾಧ್ಯನೇ.

ಈ ಮಾತು ಕೃಷ್ಣಾತೀರದ ರೈತನಿಗೆ ಬೇಗ ಅರ್ಥವಾಗುತ್ತದೆ. ಗಲಗಲಿ, ಜಮಖಂಡಿ, ಮುಧೋಳಗಳ ಸೀಮೆಯಲ್ಲಿ ನೀರಾವರಿ ಬಂದು ಕಬ್ಬು ತುಂಬಿತು, ಮನೆಗಳಿಗೆ ಹಣ ಬಂದಿತು. ಆದರೆ ಅಳತೆಯಿಲ್ಲದೆ ನೀರು ನಿಂತ ಹೊಲಗಳು ವರ್ಷಗಳು ಕಳೆದಂತೆ ಸವಳು-ಜವಳಾದವು. ಮೊದಲ ಬೆಳೆಯಲ್ಲಿ ಆ ನಷ್ಟ ಕಾಣಲಿಲ್ಲ. ಕಂಡಾಗ ಉಪ್ಪು ಮೇಲಕ್ಕೆ ಬಂದಾಗಿತ್ತು. ಹಾಗೆಂದು ಬಲ್ಲ ರೈತನು ಕಾಲುವೆಯನ್ನು ಮುಚ್ಚುವುದಿಲ್ಲ. ನೀರನ್ನು ಅಳೆದು ಹಾಯಿಸುತ್ತಾನೆ, ಬಸಿಗಾಲುವೆ ತೆಗೆಯುತ್ತಾನೆ, ಮಣ್ಣನ್ನು ಪರೀಕ್ಷೆ ಮಾಡಿಸುತ್ತಾನೆ. ದೀರ್ಘಕಾಲದ ಔಷಧಕ್ಕೂ ಇದೇ ನೀತಿ.

ಜೈನ ವೈದ್ಯ ಪರಂಪರೆಗೆ ಈ ವಿಚಾರ ಹೊಸದಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ತನ್ನ 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿದನು. ರೋಗ ವಾಸಿಯಾಗುವುದೇ ಎಂಬ ಪ್ರಶ್ನೆಯೊಂದಿಗೆ, ಅದಕ್ಕಾಗಿ ಯಾರು ಏನು ತೆರಬೇಕಾಯಿತು ಎಂಬ ಪ್ರಶ್ನೆಯನ್ನೂ ಆ ವೈದ್ಯನು ಕೇಳಿದನು. ಇಂದಿನ ಮಾತ್ರೆಯ ಮುಂದೆಯೂ ಆ ಎರಡನೆಯ ಪ್ರಶ್ನೆಯನ್ನು ಇಡಬೇಕಾಗಿದೆ. ಎತ್ತರದಲ್ಲಿ ಎರಡು ಸೆಂಟಿಮೀಟರ್ ಹೋದರೆ ಹೋಗುವುದು ಮಗುವಿನದು. ಲಾಭ ಯಾರದು? ತರಗತಿ ನಿಶ್ಶಬ್ದವಾಗಲಿ, ಮನೆಯಲ್ಲಿ ಗಲಾಟೆ ನಿಲ್ಲಲಿ ಎಂಬುದಷ್ಟೇ ಉದ್ದೇಶವಾದರೆ, ಒಬ್ಬನ ಖರ್ಚಿನಲ್ಲಿ ಇನ್ನೊಬ್ಬನು ಜಮಾ ಮಾಡಿಕೊಂಡಂತಾಯಿತು. ಓದುವ, ಗೆಳೆಯರೊಡನೆ ಆಡುವ, ರಸ್ತೆಯನ್ನು ನೋಡಿ ದಾಟುವ ಶಕ್ತಿ ಮಗುವಿಗೇ ಬರುವುದಾದರೆ ಆ ವ್ಯವಹಾರ ನ್ಯಾಯವಾದುದು.

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದು ಜೈನ ನೀತಿಯ ತಿರುಳು. ಔಷಧ ಆರಂಭಿಸುವ ದಿನ ಎಲ್ಲರೂ ಎಚ್ಚರದಿಂದಿರುತ್ತಾರೆ. ಪ್ರಮಾದ ನುಸುಳುವುದು ಮೂರನೆಯ ವರ್ಷದಲ್ಲಿ, ಹಳೆಯ ಚೀಟಿಯನ್ನೇ ಮತ್ತೆ ಮತ್ತೆ ನವೀಕರಿಸುವಾಗ. ಬ್ರಿಟನ್ನಿನ ಮಾರ್ಗದರ್ಶಿ ಸೂತ್ರಗಳು ಆರು ತಿಂಗಳಿಗೊಮ್ಮೆ ಎತ್ತರವನ್ನೂ, ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಮೂರು ತಿಂಗಳಿಗೊಮ್ಮೆ ತೂಕವನ್ನೂ ಅಳೆಯಬೇಕೆನ್ನುತ್ತವೆ. ನಾಡಿ ಮತ್ತು ರಕ್ತದೊತ್ತಡವನ್ನೂ ನೋಡಬೇಕು. ಬೆಳವಣಿಗೆ ಕುಂಠಿತವೆಂದು ಕಂಡರೆ ವೈದ್ಯರು ರಜೆಯ ದಿನಗಳಲ್ಲಿ ಔಷಧಕ್ಕೆ ಬಿಡುವು ಕೊಡುವುದನ್ನು ಆಲೋಚಿಸಬಹುದು. ಭಾರತದಲ್ಲಿ ಈ ಔಷಧ 'ಎಕ್ಸ್' ಅನುಸೂಚಿಗೆ ಸೇರಿದೆ. ಚೀಟಿ ಎರಡು ಪ್ರತಿಗಳಲ್ಲಿರಬೇಕು, ಅಂಗಡಿಯವನು ಒಂದನ್ನು ಎರಡು ವರ್ಷ ಕಾದಿಡಬೇಕು. ಕಾನೂನು ಅಂಗಡಿಯಿಂದ ಇಷ್ಟು ಲೆಕ್ಕ ಕೇಳುವಾಗ ಮನೆಯಲ್ಲಿ ಲೆಕ್ಕವೇ ಇಲ್ಲದಿರುವುದು ಒಪ್ಪುವ ಮಾತಲ್ಲ.

ಇನ್ನೆರಡು ದೋಷಗಳಿಂದ ದೂರವಿರಬೇಕು. ಹಾರ್ಮೋನಿನ ಭಯದಿಂದ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿ, ಬುದ್ಧಿ ಚುರುಕಾಗುವುದೆಂದು ಮಾರುವ ಹೆಸರಿಲ್ಲದ ಪುಡಿಗೆ ಮೊರೆಹೋಗುವುದು ಮೊದಲನೆಯದು. ಅಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತದ್ದು ಪತ್ತೆಯಾದ ಪ್ರಸಂಗಗಳಿವೆ. ಸ್ಟಿರಾಯ್ಡ್ ದೀರ್ಘಕಾಲ ಹೊಟ್ಟೆಗೆ ಹೋದರೆ ಬೆಳವಣಿಗೆಯನ್ನೂ ಅಡ್ರಿನಲ್ ಗ್ರಂಥಿಯನ್ನೂ ಕುಗ್ಗಿಸುವುದು ನಿಶ್ಚಿತ. ಎರಡನೆಯದು ಮುಚ್ಚಿಡುವುದು. ಮುಂದೆ ಸಂಬಂಧ ಕೂಡಿಬರಲಿಕ್ಕಿಲ್ಲವೆಂದು ಬಂಧುಗಳಿಂದ, ಶಿಕ್ಷಕರಿಂದ, ಕಡೆಗೆ ಮಗುವಿನಿಂದಲೇ ವಿಷಯವನ್ನು ಮರೆಮಾಡುತ್ತಾರೆ. ಶಕ್ತಿಯ ಗುಳಿಗೆಯೆಂದು ನಂಬಿಸಿ ನುಂಗಿಸಿದ ಮಾತ್ರೆ ದೇಹಕ್ಕೆ ಹಿತವಾದರೂ ಸತ್ಯಾಣುವ್ರತಕ್ಕೆ ಲೋಪವೇ. ಮೇಲಾಗಿ, ಹಸಿವಿಲ್ಲ, ನಿದ್ರೆ ಬರುತ್ತಿಲ್ಲ ಎಂದು ಮೊದಲು ಹೇಳಬಲ್ಲವನು ಮಗುವೇ. ಕಾರಣ ತಿಳಿಯದ ಮಗು ಅದನ್ನು ಹೇಳದೆ ಉಳಿದೀತು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಮುಂತಾದೆಡೆ ಬಲ್ಲ ವೈದ್ಯರಿದ್ದಾರೆ. ಆದರೆ ವೈದ್ಯನು ಮಗುವನ್ನು ಕಾಣುವುದು ಕೆಲವೇ ನಿಮಿಷ. ಉಳಿದ ದಿನಗಳೆಲ್ಲ ಮನೆಯವರವು. ಅಂಗಡಿಯ ಕಿರ್ದಿಯನ್ನು ಒಂದು ದಿನವೂ ತಪ್ಪದೆ ಬರೆಯುವ ಮನೆಯಲ್ಲಿ ಮಗುವಿನ ಎತ್ತರ, ತೂಕ, ಊಟ, ನಿದ್ರೆಗಳಿಗೂ ಒಂದು ಪುಟವಿರಲಿ. ಆ ಪುಟವನ್ನು ವೈದ್ಯರ ಮುಂದಿಟ್ಟು, ಈ ಔಷಧ ಇನ್ನೂ ಬೇಕೇ ಎಂದು ವರ್ಷಕ್ಕೊಮ್ಮೆಯಾದರೂ ಕೇಳುವವರು ಔಷಧದಾನದೊಡನೆ ಅಭಯದಾನವನ್ನೂ ಮಾಡಿದಂತೆ.