ವರದಿಗಾರನ ಒಲವು, ವರದಿಯ ಸತ್ಯ

1994ರ ಅಕ್ಟೋಬರ್‌ನಲ್ಲಿ ಇಸ್ಮಾಯಿಲ್ ಫಾರೂಕಿ ಪ್ರಕರಣದ ತೀರ್ಪು ಬಂದಾಗ ನಾವು ಹೈಸ್ಕೂಲು ಮುಗಿಸಿದ ಹೊಸತು. ಮನೆಗೆ ಎರಡು ಪತ್ರಿಕೆಗಳು ಬರುತ್ತಿದ್ದವು, ಒಂದು ಉರ್ದು, ಇನ್ನೊಂದು ಕನ್ನಡ. ಅಯೋಧ್ಯೆಯ ಭೂಮಿಯನ್ನು ಕೇಂದ್ರ ಸರಕಾರ ಸ್ವಾಧೀನಪಡಿಸಿಕೊಂಡದ್ದು ಸಿಂಧುವೇ ಎಂಬುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆ. ಆದರೆ ಊರಲ್ಲೆಲ್ಲ ಹರಡಿದ್ದು ಒಂದೇ ಮಾತು: ಮಸೀದಿ ಇಸ್ಲಾಮಿನ ಅವಿಭಾಜ್ಯ ಅಂಗವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಒಂದು ಪತ್ರಿಕೆಯಲ್ಲಿ ಆ ಮಾತು ಗಾಯವಾಗಿತ್ತು, ಇನ್ನೊಂದರಲ್ಲಿ ಸಂಭ್ರಮವಾಗಿತ್ತು. ಎರಡನ್ನೂ ನಮ್ಮಿಂದ ಓದಿಸಿ ಕೇಳಿದ ಅಬ್ಬಾ, "ಆ ಮಾತಿನ ಹಿಂದೆ ಮುಂದೆ ಏನು ಬರೆದಿದ್ದಾರೆ?" ಎಂದರು. ನಮಗೆ ಗೊತ್ತಿರಲಿಲ್ಲ. ತೀರ್ಪಿನ ಪ್ರತಿ ಎಲ್ಲಿ ಸಿಗುತ್ತದೆಂದು ಹೇಳಬಲ್ಲವರೂ ನಮ್ಮ ಮೊಹಲ್ಲಾದಲ್ಲಿ ಇರಲಿಲ್ಲ.

ಐವರ ಆ ಪೀಠದಲ್ಲಿ ಇಬ್ಬರು ಭಿನ್ನಮತ ಬರೆದಿದ್ದರೆಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಮಾತನ್ನು ಭೂಸ್ವಾಧೀನದ ಸಂದರ್ಭದಲ್ಲಿಟ್ಟೇ ಓದಬೇಕೆಂದು ಸುಪ್ರೀಂ ಕೋರ್ಟಿನ ಬಹುಮತ ಸ್ಪಷ್ಟಪಡಿಸಿದ್ದು 2018ರ ಸೆಪ್ಟೆಂಬರ್ 27ರಂದು. ಅಂದೂ ನ್ಯಾಯಮೂರ್ತಿ ಅಬ್ದುಲ್ ನಝೀರ್ ಒಪ್ಪದೆ, ವಿಷಯ ಹೆಚ್ಚಿನ ಸಂಖ್ಯೆಯ ಪೀಠಕ್ಕೆ ಹೋಗಬೇಕೆಂದು ಬರೆದರು. ಅಬ್ಬಾ ಕೇಳಿದ ಪ್ರಶ್ನೆಗೆ ಉತ್ತರ ಬರಲು ಇಪ್ಪತ್ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಕೇಳಿದವರು ಇರಲಿಲ್ಲ.

ಈಗ ಆ ನೆಪ ಹೇಳುವಂತಿಲ್ಲ. ಲೈವ್‌ಲಾ, ಬಾರ್ ಅಂಡ್ ಬೆಂಚ್‌ನಂತಹ ಸ್ವತಂತ್ರ ಕಾನೂನು ಸುದ್ದಿತಾಣಗಳು ವಾದ ನಡೆಯುತ್ತಿರುವಾಗಲೇ ವರದಿ ಕೊಡುತ್ತವೆ, ತೀರ್ಪಿನ ಪ್ರತಿಯನ್ನೂ ಎಷ್ಟೋ ಸಲ ಜೊತೆಗೇ ಇಡುತ್ತವೆ. ಆದರೂ ಅವುಗಳ ಸುದ್ದಿ ಬಂದಾಗ ನಮ್ಮ ನಡುವೆ ಮೊದಲು ಏಳುವ ಪ್ರಶ್ನೆ ಒಂದೇ: ಇವರು ಯಾರ ಕಡೆ? ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೆ ಉತ್ತರ ಸಿಕ್ಕಿದೊಡನೆ ಸುದ್ದಿ ನಿಜವೋ ಸುಳ್ಳೋ ಎಂಬುದೂ ತೀರ್ಮಾನವಾಯಿತೆಂದು ನಾವು ಸುಮ್ಮನಾಗುತ್ತೇವಲ್ಲ, ಎಡವುವುದು ಅಲ್ಲಿ.

ಹದೀಸ್ ವಿದ್ವಾಂಸರು ಈ ಎರಡನ್ನೂ ಬೇರೆ ಬೇರೆಯಾಗಿ ತೂಗಿದ್ದರು. ಇಮ್ರಾನ್ ಬಿನ್ ಹಿತ್ತಾನ್ ಖಾರಿಜಿ ಪಂಥದವನು, ಹಝ್ರತ್ ಅಲಿ(ರ)ಯವರನ್ನು ಕೊಂದವನನ್ನು ಹೊಗಳಿ ಕವಿತೆ ಕಟ್ಟಿದವನು. ಇದಕ್ಕಿಂತ ದೊಡ್ಡ ಪಕ್ಷಪಾತ ಯಾವುದಿದೆ? ಆದರೂ ಇಮಾಮ್ ಬುಖಾರಿಯವರ ಸಹೀಹ್‌ನಲ್ಲಿ ಅವನ ವರದಿಗೆ ಜಾಗ ಸಿಕ್ಕಿದೆ. ವರದಿಗಾರ ಸತ್ಯವಂತನೇ, ಅವನ ನೆನಪು ಗಟ್ಟಿಯೇ, ಅವನಿಗೆ ಹೇಳಿದವರು ಯಾರು ಎಂದು ಮೊದಲು ನೋಡುತ್ತಿದ್ದರು. ಪಂಥದ ಒಲವುಳ್ಳವನು ತನ್ನ ಪಂಥಕ್ಕೇ ಅನುಕೂಲವಾಗುವ ಮಾತು ತಂದಾಗ ಮಾತ್ರ ಅನೇಕ ವಿದ್ವಾಂಸರು ಅದನ್ನು ಸ್ವೀಕರಿಸುತ್ತಿರಲಿಲ್ಲ. ನಾವಾದರೋ ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ನಮ್ಮ ಪಕ್ಷಕ್ಕೆ ಅನುಕೂಲವಾದ ಸುದ್ದಿಯನ್ನು ತಡೆದು ಕೇಳುವುದೇ ಇಲ್ಲ.

ಇದು ಬೇರೆಯವರ ಮೇಲಿನ ದೂರಲ್ಲ. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗ್ ಜಮಾಅತಿಗೆ ಸಂಬಂಧಿಸಿದ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿತು. ಅವರನ್ನು ಬಲಿಪಶು ಮಾಡಲಾಗಿದೆ, ಮಾಧ್ಯಮಗಳಲ್ಲಿ ಭಾರೀ ಅಪಪ್ರಚಾರ ನಡೆದಿದೆ ಎಂದು ನ್ಯಾಯಮೂರ್ತಿ ನಲವಡೆ ಬರೆದಿದ್ದರು. ಮಾರ್ಚ್‌ನಿಂದ ತರಕಾರಿ ಗಾಡಿಯವನ ಹೆಸರು ಕೇಳಿ ಮುಖ ತಿರುಗಿಸುವುದನ್ನು ಕಂಡು ಬೆಂದಿದ್ದ ನಾವು ಆ ವಾಕ್ಯವನ್ನು ಸಿಕ್ಕವರಿಗೆಲ್ಲ ಕಳಿಸಿದೆವು. ಕೆಲವು ದಿನಗಳ ಮೇಲೆ ವಕೀಲ ಮಿತ್ರರೊಬ್ಬರು ಕೇಳಿದರು: "ಎರಡನೆಯ ನ್ಯಾಯಮೂರ್ತಿ ಬರೆದದ್ದನ್ನು ಓದಿದಿರಾ?" ಓದಿರಲಿಲ್ಲ. ನ್ಯಾಯಮೂರ್ತಿ ಸೇವ್ಲಿಕರ್ ಅಂತಿಮ ಆದೇಶಕ್ಕೆ ಒಪ್ಪಿದ್ದರು, ಆದರೆ ಹಿರಿಯರ ಕೆಲವು ಅಭಿಪ್ರಾಯಗಳಿಗೆ ಒಪ್ಪದೆ ಪ್ರತ್ಯೇಕವಾಗಿ ಬರೆದಿದ್ದರು. ಕಾನೂನು ಸುದ್ದಿತಾಣಗಳು ಅದನ್ನೂ ವರದಿ ಮಾಡಿದ್ದವು. ಮೊಕದ್ದಮೆ ಬಿದ್ದುಹೋದದ್ದು ನಿಜವೇ. ಆದರೆ ನಾವು ಹಂಚಿದ್ದು ಅರ್ಧ ತೀರ್ಪು, ಅದರಲ್ಲೂ ಒಂದು ಅಕ್ಷರ ಸುಳ್ಳಿರಲಿಲ್ಲ! ಕಥೆ ಬರೆಯುವ ನಮಗೆ ಇದು ಹೊಳೆಯಬೇಕಿತ್ತು. ಕಥೆ ಹುಟ್ಟುವುದೇ ಏನನ್ನು ಬಿಡಬೇಕೆಂಬಲ್ಲಿ.

ಬಿಡುವುದೂ ಕೆಲವು ಸಲ ಅಪರಾಧವಾಗುತ್ತದೆ. ನ್ಯಾಯಮೂರ್ತಿಗಳು ಬಾಯಲ್ಲಿ ಆಡಿದ ಮಾತು ಆದೇಶದ ಭಾಗವಲ್ಲ, ಆದರೆ ಅದನ್ನು ವರದಿ ಮಾಡದಂತೆ ಮಾಧ್ಯಮವನ್ನು ತಡೆಯಲಾಗದು ಎಂದು ಸುಪ್ರೀಂ ಕೋರ್ಟ್ 2021ರ ಮೇ 6ರಂದು, ಚುನಾವಣಾ ಆಯೋಗ ಮದ್ರಾಸ್ ಹೈಕೋರ್ಟಿನ ಮಾತುಗಳ ವಿರುದ್ಧ ಹೋದಾಗ ಹೇಳಿತು. ಈ ಮಾತಿನ ಬೆಲೆ ತಿಳಿದದ್ದು 2024ರಲ್ಲಿ. ನಮ್ಮದೇ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನ ಮುಸ್ಲಿಮರೇ ಹೆಚ್ಚಿರುವ ಪ್ರದೇಶವನ್ನು ಪಾಕಿಸ್ತಾನ ಎಂದ ತುಣುಕು ನೇರಪ್ರಸಾರದಿಂದ ಹೊರಬಂದು ಹರಡಿತು. ಬರೀ ಆದೇಶವನ್ನೇ ಓದುವ ವರದಿಗಾರನಿಗೆ ಅದು ಸುದ್ದಿಯೇ ಆಗುತ್ತಿರಲಿಲ್ಲ. ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಎತ್ತಿಕೊಂಡಿತು, ನ್ಯಾಯಮೂರ್ತಿ ವಿಷಾದಿಸಿದರು, ದೇಶದ ಯಾವ ಭಾಗವನ್ನೂ ಹಾಗೆ ಕರೆಯಲಾಗದೆಂದು ಹೇಳಿ 25ರಂದು ಪ್ರಕರಣ ಮುಗಿಸಿತು. ಅದರ ಹಿಂದಿನ ದಿನವೇ ನಮ್ಮ ಹೈಕೋರ್ಟ್ ನೇರಪ್ರಸಾರದ ತುಣುಕುಗಳನ್ನು ಯೂಟ್ಯೂಬ್ ಚಾನೆಲ್‌ಗಳು ಹಂಚದಂತೆ ತಡೆದಿತ್ತು. ಸಂದರ್ಭದಿಂದ ಕಿತ್ತ ತುಣುಕು ಕೆಡುಕು ಮಾಡಬಲ್ಲದು, ಒಪ್ಪೋಣ. ಆದರೆ ಈ ಒಂದು ತುಣುಕು ಇಲ್ಲದಿದ್ದರೆ?

ಈಚೆಗೆ ಸಂಬಂಧಿಕರ ಹುಡುಗನೊಬ್ಬ ಮೊಬೈಲು ಹಿಡಿದು ಬಂದು, "ಚಾಚಾ, ಈ ಸುದ್ದಿತಾಣ ನಮ್ಮ ಪರವೋ ವಿರುದ್ಧವೋ?" ಎಂದ. ಹಿಜಾಬ್ ವಿಚಾರದ ವರದಿ ಅದು. ಅಲ್ಲೇ ತೀರ್ಪಿದೆ, ಓದು ಎಂದೆವು. 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪು 129 ಪುಟ, ಇಂಗ್ಲಿಷಿನಲ್ಲಿ. ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ದಿಕ್ಕಿಗೆ ಬರೆದದ್ದೂ ಇಂಗ್ಲಿಷಿನಲ್ಲೇ. ಹುಡುಗ ಓದಿದ್ದು ಕನ್ನಡ ಮಾಧ್ಯಮದಲ್ಲಿ. "ಇದನ್ನೆಲ್ಲ ಯಾರು ಓದುತ್ತಾರೆ ಚಾಚಾ?" ಎಂದು ನಕ್ಕ. ನಮಗೆ ಉತ್ತರ ಹೊಳೆಯಲಿಲ್ಲ. ಕನ್ನಡಕ ತರಿಸಿ, ಇಬ್ಬರೂ ಒಂದೊಂದೇ ಸಾಲಿಗೆ ಅರ್ಥ ಹೇಳಿಕೊಳ್ಳುತ್ತ ಕುಳಿತೆವು. ಮಗ್ರಿಬ್ ಬಾಂಗ್ ಆಗುವಷ್ಟರಲ್ಲಿ ಮೂರು ಪುಟ ಆಗಿತ್ತು.